ಪಬ್‌ಮೆಡ್‌ನಲ್ಲಿ ಹಾವು ಕಡಿತದ ಲೇಖನಗಳು ಸಿಕ್ಕಿದ್ದು ಹೀಗೆ

ಕಾಫಿ ತೋಟದ ಕೆಲಸಗಾರರಲ್ಲಿ ಹಾವು ಕಡಿತ, ಇದು ನನ್ನ ಎಂ.ಎಸ್ಸಿ. ನರ್ಸಿಂಗ್ ವಿಷಯ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ 'ಕೊಡಗು' ಸೇರಿಸಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ತೆಗೆದರೆ ಸಾವಿರಾರು. ಮಡಿಕೇರಿ ಮಳೆಗಾಲದ ಕರೆಂಟ್ ನಂಬಿಕೊಂಡು ಅಷ್ಟನ್ನೂ ನೋಡೋಕಾಗುತ್ತಾ?

ಜಿಲ್ಲೆಯ ಹೆಸರು ಬಿಟ್ಟೆ. ಲೇಖನದ ಸಾರಾಂಶದಲ್ಲಿ ಅದು ಇರಲೇಬೇಕೆಂದಿಲ್ಲ ಅಲ್ವಾ. ಬದಲಿಗೆ ಎರಡು ಗುಂಪು ಮಾಡಿದೆ: ಹಾವು ಕಡಿತ ಒಂದು, ತೋಟ, ಹೊಲದ ಕೆಲಸಗಾರರು ಇನ್ನೊಂದು. ಗುಂಪಿನೊಳಗಿನ ಪದಗಳ ನಡುವೆ 'ಆರ್' (OR, ಯಾವುದಾದರೂ ಒಂದಿದ್ದರೆ ಸಾಕು), ಗುಂಪುಗಳ ನಡುವೆ 'ಆ್ಯಂಡ್' (AND, ಎರಡೂ ಇರಬೇಕು). ಪ್ರತಿ ಗುಂಪಿಗೂ ಆವರಣ ಚಿಹ್ನೆ ಬೇಕೇ ಬೇಕು. ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತದೆ, ಆವರಣ ಇಲ್ಲದಿದ್ದರೆ ಅರ್ಥವೇ ಬದಲಾಗುತ್ತದೆ.

ಜಾಸ್ತಿ ನೆರವಾಗಿದ್ದು ಮೆಶ್ ಪಟ್ಟಿ, ಅಂದರೆ ಲೇಖನಗಳನ್ನು ವಿಷಯವಾರು ಗುರುತಿಸಲು ಬಳಸುವ ನಿಗದಿತ ವಿಷಯ ಶೀರ್ಷಿಕೆಗಳ ಪಟ್ಟಿ. ಅದರಲ್ಲಿ 'ಸ್ನೇಕ್ ಬೈಟ್ಸ್' ಎಂಬ ಶೀರ್ಷಿಕೆ ಇದೆ. ಲೇಖಕರು ಯಾವ ಪದ ಬಳಸಿದ್ದರೂ ಆ ಶೀರ್ಷಿಕೆಯಡಿ ಸೇರಿಸಿದ ಲೇಖನ ಸಿಗುತ್ತದೆ. ಆದರೆ ಎಲ್ಲ ಲೇಖನಗಳಿಗೂ, ಅದರಲ್ಲೂ ತೀರಾ ಹೊಸವಕ್ಕೆ, ಮೆಶ್ ಗುರುತು ಬಿದ್ದಿರಲೇಬೇಕೆಂದಿಲ್ಲ. ಅದಕ್ಕೇ ಅದೇ ಪದಗಳನ್ನು ಶೀರ್ಷಿಕೆ ಮತ್ತು ಸಾರಾಂಶದಲ್ಲೂ ಹುಡುಕಿ, 'ಆರ್' ಹಾಕಿ ಜೋಡಿಸಿದೆ. ಕೊನೆಗೆ 'ಆ್ಯಂಡ್ ಇಂಡಿಯಾ'. ಓದಬಹುದಾದಷ್ಟು ಪಟ್ಟಿ ಬಂತು.

ಇನ್ನೊಂದು ಮಾತು. ಹುಡುಕಾಟದ ಇಡೀ ಸಾಲನ್ನು ದಿನಾಂಕದ ಸಮೇತ ವರ್ಡ್ ಫೈಲಿನಲ್ಲಿ ಅಂಟಿಸಿಡಿ. ಏನೂ ಮಾಡದೆ ಸುಮ್ನೆ ಬಿಟ್ಟರೆ ಪಬ್‌ಮೆಡ್‌ನ ಹಿಸ್ಟರಿ ಎಂಟು ಗಂಟೆಗಳ ನಂತರ ಅಳಿಸಿ ಹೋಗುತ್ತದೆ. ಗೈಡ್ ಮೇಡಂ ಮೊದಲು ಕೇಳುವುದೂ ಆ ಸಾಲನ್ನೇ.

ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹ ನೋಡಿ. ಅಲ್ಲಿ ಮಾತ್ರ ಜಿಲ್ಲೆಯ ಹೆಸರು ಹಾಕಿಯೇ ಹುಡುಕಿ.