ಹಾಟ್ ಡಾಗ್ ಸಾಸೇಜ್: ಅಳತೆ, ಹದ, ತಣ್ಣನೆಯ ಮಾಂಸ

ಹಾಟ್ ಡಾಗ್ ಸಾಸೇಜ್ ಮಾಡುವಾಗ ನಾನು ಹಿಡಿಯುವ ಅಳತೆ ಇದು: ಕೊಬ್ಬು ತೆಗೆದ ಬೀಫ್ 750 ಗ್ರಾಂ, ಹಂದಿಯ ಬೆನ್ನಿನ ಕೊಬ್ಬು 250 ಗ್ರಾಂ, ಪುಡಿ ಮಾಡಿದ ಐಸ್ 200 ಗ್ರಾಂ, ಉಪ್ಪು 17 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 25 ಗ್ರಾಂ. ಮಸಾಲೆಗೆ ಬಿಳಿ ಮೆಣಸು 3, ಕೊತ್ತಂಬರಿ ಬೀಜ 2, ಜಾಪತ್ರೆ 1, ಬೆಳ್ಳುಳ್ಳಿ 5, ಪ್ಯಾಪ್ರಿಕಾ 5 ಗ್ರಾಂ. ಪ್ಯಾಪ್ರಿಕಾ ಇಲ್ಲದಿದ್ದರೆ ಬೀಜ ತೆಗೆದ ಬ್ಯಾಡಗಿ ಮೆಣಸಿನಪುಡಿ ಚೆನ್ನಾಗಿ ಒಪ್ಪುತ್ತದೆ. ಬಣ್ಣ ಬರುತ್ತದೆ, ಖಾರ ಹೆಚ್ಚಾಗುವುದಿಲ್ಲ. ಅಮೆರಿಕದ ಕಾನೂನಿನಂತೆ ಕೊಬ್ಬು 30%, ಕೊಬ್ಬು ಮತ್ತು ಸೇರಿಸಿದ ನೀರು ಒಟ್ಟು 40% ಮೀರಬಾರದು. ಈ ಅಳತೆ ಅದರೊಳಗೇ ಇದೆ.

ಇದಲ್ಲದೆ 6.25% ನೈಟ್ರೈಟ್ ಇರುವ ಕ್ಯೂರಿಂಗ್ ಸಾಲ್ಟ್ (ಮಾಂಸ ಕೆಡದಂತೆ ಹಾಕುವ ಉಪ್ಪು) 2.5 ಗ್ರಾಂ ಬೇಕು. ಗುಲಾಬಿ ಬಣ್ಣ, ಹಾಟ್ ಡಾಗ್‌ನ ರುಚಿ ಎರಡೂ ಇದರಿಂದಲೇ. ಕಡಿಮೆ ಉರಿಯಲ್ಲಿ ಹೊಗೆ ಹಾಕುವಾಗ ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ವಿಷ ಹುಟ್ಟದಂತೆ ಕಾಯುವುದೂ ಇದೇ. ಚಮಚದಲ್ಲಿ ಅಂದಾಜು ಮಾಡಬೇಡಿ, ಸಣ್ಣ ತಕ್ಕಡಿಯಲ್ಲಿ ತೂಗಿ, ಹೆಚ್ಚಾದರೆ ಅಪಾಯ.

ಬೀಫ್ ಮತ್ತು ಹಂದಿ ಬೆರೆಸುವ ಪದ್ಧತಿ ವಿಯೆನ್ನಾದ್ದು. ಫ್ರಾಂಕ್‌ಫರ್ಟ್‌ನಲ್ಲಿ ಕಟುಕನ ಕಸುಬು ಕಲಿತ ಯೋಹಾನ್ ಗಿಯೋರ್ಗ್ ಲಾನರ್ 1805ರಲ್ಲಿ ವಿಯೆನ್ನಾದಲ್ಲಿ ಇದನ್ನು ಶುರು ಮಾಡಿದ ಎನ್ನುತ್ತಾರೆ. ಫ್ರಾಂಕ್‌ಫರ್ಟ್‌ನವರದು ಬರೀ ಹಂದಿ. ನ್ಯೂಯಾರ್ಕ್‌ನ ಕಡಲತೀರ ಕಾನಿ ಐಲೆಂಡ್‌ನಲ್ಲಿ ಈ ಸಾಸೇಜನ್ನು ಬನ್ನಿನಲ್ಲಿಟ್ಟು ಮಾರಿದವರಲ್ಲಿ ಚಾರ್ಲ್ಸ್ ಫೆಲ್ಟ್‌ಮನ್ ಮೊದಲಿಗರ ಸಾಲಿನವನು. 1916ರಲ್ಲಿ ನೇಥನ್ ಹ್ಯಾಂಡ್‌ವರ್ಕರ್ ಅಲ್ಲೇ ಐದು ಸೆಂಟ್‌ಗೆ, ಅಂದರೆ ಫೆಲ್ಟ್‌ಮನ್‌ನ ಅರ್ಧ ಬೆಲೆಗೆ ಮಾರಿದ.

ಇನ್ನು ಅರೆಯುವುದು. ಉಪ್ಪು ಮಾಂಸದೊಳಗಿನ ಮಯೋಸಿನ್ ಪ್ರೋಟೀನನ್ನು ಬಿಡಿಸುತ್ತದೆ, ಅದು ಕೊಬ್ಬಿನ ಕಣಗಳನ್ನು ಸುತ್ತಿ ಹಿಡಿಯುತ್ತದೆ. ಹಾಗಾಗಿ ಮೊದಲು ಬೀಫ್, ಎರಡೂ ಉಪ್ಪು, ಅರ್ಧ ಐಸ್ ಮಾತ್ರ ಹಾಕಿ ಕೈಗೆ ಅಂಟುವಷ್ಟು ಜಿಗುಟಾಗುವವರೆಗೆ ಅರೆಯಬೇಕು. ಆಮೇಲೆ ಕೊಬ್ಬು, ಮಸಾಲೆ, ಹಾಲಿನ ಪುಡಿ, ಉಳಿದ ಐಸ್. ಮಾಂಸ, ಕೊಬ್ಬು ಅರೆಗಟ್ಟಿಯಾಗಿರಲಿ. ಫುಡ್ ಪ್ರೊಸೆಸರ್‌ನ ಬೌಲ್, ಬ್ಲೇಡ್ ಕೂಡ ಫ್ರೀಜರ್‌ನಲ್ಲಿರಲಿ. ಥರ್ಮಾಮೀಟರ್ ಚುಚ್ಚಿ ನೋಡುತ್ತಿರಿ, 12 ಡಿಗ್ರಿ ತಲುಪಿದರೆ ನಿಲ್ಲಿಸಿ. ಬಿಸಿಯಾದರೆ ಕೊಬ್ಬು ಮೆತ್ತಗಾಗಿ ಹಿಡಿತ ತಪ್ಪುತ್ತದೆ. ಬೇಯಿಸಿದಾಗ ಸಿಪ್ಪೆಯಡಿ, ಅಂದರೆ ಮಾಂಸ ತುಂಬಿದ ಕರುಳಿನಡಿ, ಎಣ್ಣೆ ನಿಲ್ಲುತ್ತದೆ, ಒಳಗೆ ರವೆಯಂತೆ ಉದುರುತ್ತದೆ. ಹಾಗಾದ ಮೇಲೆ ಸರಿಪಡಿಸಲು ಬರುವುದಿಲ್ಲ. ಸರಿಯಾದ ಹದದ ಹಿಟ್ಟು ನುಣ್ಣಗೆ, ತಿಳಿಗುಲಾಬಿಯಾಗಿ ಹೊಳೆಯುತ್ತದೆ. ತುಂಬುವ ಮೊದಲು ಒಂದು ಚಮಚ ತವೆಯ ಮೇಲೆ ಬೇಯಿಸಿ ಉಪ್ಪು ನೋಡಿಕೊಳ್ಳಿ.

22-24 ಮಿಲಿಮೀಟರ್‌ನ ಕುರಿ ಕರುಳನ್ನು ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ನೆನೆಸಿ, ಒಳಗೂ ನೀರು ಬಿಟ್ಟು ತೊಳೆಯಿರಿ. ಬಿಗಿಯಾಗಿ ತುಂಬಿದರೆ ತಿರುಚುವಾಗ ಒಡೆಯುತ್ತದೆ. 15 ಸೆಂಟಿಮೀಟರ್‌ಗೊಂದು ತಿರುಚು ಸಾಕು. ಗಾಳಿಗುಳ್ಳೆ ಕಂಡಲ್ಲಿ ಸೂಜಿ ಚುಚ್ಚಿ.

ಹೊಗೆಗೆ ಇಡುವ ಮುನ್ನ ಮೇಲ್ಮೈ ಒಣಗಿರಲೇಬೇಕು, ಹಸಿಯಿದ್ದರೆ ಹೊಗೆ ಪಟ್ಟೆಪಟ್ಟೆಯಾಗಿ ಕೂರುತ್ತದೆ. 60-65 ಡಿಗ್ರಿಯಲ್ಲಿ ಒಂದು ಗಂಟೆ ಹೊಗೆ ಕೊಟ್ಟು, ಒಳಗೆ 71 ಡಿಗ್ರಿ ಆಗುವವರೆಗೆ 75-78 ಡಿಗ್ರಿಯ ನೀರಲ್ಲಿ ಬೇಯಿಸಿ. ನೀರು ಕುದಿದರೆ ಸಿಪ್ಪೆ ಒಡೆದು ಕೊಬ್ಬು ಹೊರಗೆ ಹರಿಯುತ್ತದೆ. ಕೋಳಿಯಾದರೆ ಚರ್ಮಸಹಿತ ತೊಡೆ ಮಾಂಸ ತೆಗೆದುಕೊಂಡು, ಒಳಗೆ 74 ಡಿಗ್ರಿಯವರೆಗೆ ಬೇಯಿಸಬೇಕು. ತೆಗೆದ ತಕ್ಷಣ ಐಸ್ ನೀರಿಗೆ ಹಾಕಿ, ಇಲ್ಲವಾದರೆ ಸಿಪ್ಪೆ ಸುಕ್ಕುಗಟ್ಟುತ್ತದೆ. ಒರೆಸಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಬಡಿಸುವಾಗ ತವೆಯ ಮೇಲೆ ಸಣ್ಣ ಉರಿಯಲ್ಲಿ ಉರುಳಿಸಿದರೆ ಸಾಕು.