ಯಾವ ಕಲ್ಲು ನಿನ್ನದು?

‘ನಿಮಗೆ ಇಷ್ಟವಾದ ವಸ್ತುವಿನ ಬಗ್ಗೆ ಐದು ವಾಕ್ಯ ಬರೆಯಿರಿ’ ಎಂದರೆ ಎರಡನೇ, ಮೂರನೇ ತರಗತಿಯ ಮಕ್ಕಳಿಂದ ಬರುವ ಬರಹ ಹೆಚ್ಚುಕಡಿಮೆ ಒಂದೇ ಅಚ್ಚಿನದು. ‘ಇದು ನನ್ನ ಚೀಲ. ನನ್ನ ಚೀಲ ತುಂಬಾ ಚೆನ್ನಾಗಿದೆ. ನನ್ನ ಚೀಲ ಸುಂದರವಾಗಿದೆ.’ ತಪ್ಪೇನೂ ಇಲ್ಲ, ಆದರೆ ಓದಿದವರಿಗೆ ಚೀಲ ಕಾಣುವುದಿಲ್ಲ. ಬೋರ್ಡಿನ ಮೇಲೆ ಗುಣವಾಚಕಗಳ ಪಟ್ಟಿ ಬರೆದುಕೊಟ್ಟರೆ ಮಕ್ಕಳು ಅದರಿಂದ ಒಂದೆರಡನ್ನು ಹೆಕ್ಕಿ ಅಂಟಿಸುತ್ತಾರೆ. ‘ವಿಶಾಲವಾದ ಚೀಲ’ ಎಂದೂ ಬರೆದಾರು. ಹಾಗಾಗಿ ನಾನು ಪಟ್ಟಿಯಿಂದ ಶುರು ಮಾಡುವುದಿಲ್ಲ. ಗುಣವಾಚಕ ಇಲ್ಲದಿದ್ದರೆ ಕೆಲಸವೇ ನಡೆಯದಂಥ ಒಂದು ಆಟ ಆಡಿಸುತ್ತೇನೆ.

ಪ್ರತಿ ಮಗುವೂ ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡ ಕಲ್ಲೊಂದನ್ನು ತರಬೇಕು. ಅದನ್ನು ತಿರುಗಿಸಿ, ಸವರಿ, ಮೂಸಿ ನೋಡಿ ಒಂದು ಚೀಟಿಯಲ್ಲಿ ಎರಡು ಮೂರು ಸಾಲು ಬರೆಯಬೇಕು. ಆಮೇಲೆ ಕಲ್ಲುಗಳನ್ನೆಲ್ಲ ಒಂದೇ ರಾಶಿ ಹಾಕಿ, ಚೀಟಿಗಳನ್ನು ಕಲೆಸಿ ಹಂಚುತ್ತೇನೆ. ಬೇರೆಯವರ ಚೀಟಿ ಓದಿ ಅವರ ಕಲ್ಲನ್ನು ಹುಡುಕಬೇಕು.

‘ನನ್ನ ಕಲ್ಲು ಚಿಕ್ಕದು. ಚೆನ್ನಾಗಿದೆ.’ ಈ ಚೀಟಿ ಸಿಕ್ಕ ಹುಡುಗಿ ರಾಶಿಯ ಮುಂದೆ ನಿಂತು, “ಟೀಚರ್, ಎಲ್ಲಾ ಚಿಕ್ಕವೇ ಇದಾವಲ್ಲ!” ಅನ್ನುತ್ತಾಳೆ. ಬರೆದವನಿಗೆ ತಡೆಯಲಾಗುವುದಿಲ್ಲ. “ಅಯ್ಯೋ, ಅದಲ್ಲ ಕಣೇ! ಬೂದು ಬಣ್ಣದ್ದು, ಒಂದು ಮೂಲೆ ಮುರಿದಿದೆಯಲ್ಲ, ಅದು!” ನಾನು ಹೇಳುವುದು ಇಷ್ಟೇ: “ಈಗ ಹೇಳಿದೆಯಲ್ಲ, ಅದನ್ನೇ ಚೀಟಿಯಲ್ಲಿ ಬರಿ.” ‘ಮೂಲೆ ಮುರಿದ ಬೂದು ಕಲ್ಲು’ ಆಗುತ್ತದೆ. ವ್ಯಾಕರಣದ ಹೆಸರು ಇಲ್ಲಿಯವರೆಗೆ ಬಂದಿಲ್ಲ. ಬರಬೇಕಾದ ಅವಸರವೂ ಇಲ್ಲ.

ಎರಡನೇ ಸುತ್ತಿನಲ್ಲಿ ಕಣ್ಣು ಮುಚ್ಚಿಸುತ್ತೇನೆ. ಬೆರಳಿಗೆ ತಿಳಿದದ್ದನ್ನಷ್ಟೇ ಹೇಳಬೇಕು. ನುಣುಪು, ಒರಟು, ತಣ್ಣನೆಯ, ಚಪ್ಪಟೆ ಇವೆಲ್ಲ ಆಗ ತಾವಾಗಿ ಬರುತ್ತವೆ. ಪದ ಸಿಗದ ಮಗು ‘ಚುಚ್ಚುವ ಕಲ್ಲು’, ‘ಪುಡಿ ಉದುರುವ ಕಲ್ಲು’ ಅನ್ನುತ್ತದೆ. ನನ್ನ ಮಟ್ಟಿಗೆ ಕನ್ನಡದಲ್ಲಿ ವರ್ಣನೆ ಕಲಿಸುವವರಿಗೆ ಸಿಗುವ ದೊಡ್ಡ ಅನುಕೂಲ ಇದೇ. ಸವೆದ, ಮಾಸಿದ, ಹರಿದ, ಬಾಡಿದ, ಹೊಳೆಯುವ ಹೀಗೆ ಮಗುವಿಗೆ ಆಗಲೇ ಗೊತ್ತಿರುವ ಕ್ರಿಯಾಪದಗಳೆಲ್ಲ ನಾಮಪದಕ್ಕಿಂತ ಮೊದಲು ನಿಂತು ವಿಶೇಷಣದ ಕೆಲಸ ಮಾಡುತ್ತವೆ. ವ್ಯಾಕರಣ ಇವನ್ನು ಕೃದಂತ ಎಂದು ಬೇರೆ ಕಡೆ ಇಡುತ್ತದೆ, ಇಡಲಿ. ‘ಹಳೆಯ ಚಪ್ಪಲಿ’ಗಿಂತ ‘ಹಿಮ್ಮಡಿ ಸವೆದ ಚಪ್ಪಲಿ’ ಕಣ್ಣಿಗೆ ಕಟ್ಟುತ್ತದೆ. ಬಣ್ಣಗಳಿಗೂ ಹೊಸ ಪದ ಹುಡುಕಬೇಕಿಲ್ಲ. ಬಣ್ಣದ ಪೆನ್ಸಿಲುಗಳನ್ನು ತಿಳಿ ಬಣ್ಣದಿಂದ ಗಾಢ ಬಣ್ಣದವರೆಗೆ ಸಾಲಾಗಿ ಇಡಿಸಿದರೆ ನಸುಗೆಂಪು, ಕಡುಗೆಂಪು, ಎಳೆಹಸಿರು, ತಿಳಿನೀಲಿಗಳಿಗೆ ಕೆಲಸ ಸಿಗುತ್ತದೆ.

ರೂಪಗಳಲ್ಲಿ ಎಡವುವುದು ‘ವಾದ’, ‘ವಾಗಿ’ಗಳ ಹತ್ತಿರ. ‘ಉದ್ದವಾಗಿ ಹಗ್ಗ’, ‘ದೊಡ್ಡವಾದ ಮರ’ ಎಂದು ಬರೆಯುತ್ತಾರೆ. ನಿಯಮ ಹೇಳಿ ತಿದ್ದುವುದಕ್ಕಿಂತ ಜೋರಾಗಿ ಓದಿಸುವುದು ಮೇಲು. ‘ಉದ್ದವಾದ ಹಗ್ಗ’, ‘ದೊಡ್ಡ ಮರ’ ಎಂದು ಕಿವಿಯೇ ಸರಿಪಡಿಸುತ್ತದೆ. ‘ದೊಡ್ಡ’ ಎಂಬುದು ಹುಡುಗ, ಹುಡುಗಿ, ಮರ ಯಾವುದರ ಮುಂದೆ ಬಂದರೂ ಬದಲಾಗುವುದಿಲ್ಲ. ವಾಕ್ಯದ ಕೊನೆಗೆ ಹೋದಾಗ ದೊಡ್ಡವನು, ದೊಡ್ಡವಳು, ದೊಡ್ಡದು ಆಗುತ್ತದೆ. ಅದನ್ನು ಕೊನೆಯಿಂದ ಎತ್ತಿ ಮುಂದಕ್ಕೆ ತರುವ ಅಭ್ಯಾಸವನ್ನು ನಾನು ಬಹಳ ಮಾಡಿಸುತ್ತೇನೆ. ‘ನನ್ನ ಚೀಲ ನೀಲಿ. ಅದರ ಜಿಪ್ ಕೆಟ್ಟಿದೆ. ಅದು ಮೂಲೆಯಲ್ಲಿದೆ.’ ಈ ಮೂರೂ ಸೇರಿ ‘ಜಿಪ್ ಕೆಟ್ಟ ನನ್ನ ನೀಲಿ ಚೀಲ ಮೂಲೆಯಲ್ಲಿದೆ’ ಆಗುತ್ತದೆ. ಒಂದೇ ಏಟಿಗೆ ಒಂದು ‘ಇದೆ’ಯ ಕಾಟ ತಪ್ಪಿತು.

ರುಚಿ ಹತ್ತಿದ ಮೇಲೆ ಅತಿಯಾಗುವುದೂ ಖಂಡಿತ. ‘ದೊಡ್ಡ ಸುಂದರವಾದ ಗಟ್ಟಿಯಾದ ಕಪ್ಪಾದ ಹೊಳೆಯುವ ಕಲ್ಲು’ ಬರುತ್ತದೆ. ಆಗ ಒಂದೊಂದೇ ಪದವನ್ನು ಬೆರಳಿನಿಂದ ಮುಚ್ಚಿ, “ಈಗಲೂ ಕಲ್ಲು ಸಿಗುತ್ತಾ?” ಎಂದು ಕೇಳುತ್ತೇನೆ. ಸಿಗುವುದಾದರೆ ಆ ಪದ ಬೇಡ. ಕಲ್ಲು ಗಟ್ಟಿಯಾಗಿಯೇ ಇರುತ್ತದೆಂದು ಮಕ್ಕಳೇ ನಗುತ್ತಾರೆ. ಸಾಮಾನ್ಯವಾಗಿ ಮೊದಲು ಉದುರುವುದು ‘ಸುಂದರ’. ಹಾಗಂತ ಆ ಪದವನ್ನು ನಾನು ನಿಷೇಧಿಸಿಲ್ಲ. “ನನಗೆ ಅದು ಸುಂದರಾನೇ” ಎಂದು ಹಟ ಹಿಡಿದ ಹುಡುಗನಿಗೆ, ಏನು ನೋಡಿ ಹಾಗನ್ನಿಸಿತು ಎಂದು ಕೇಳಿದೆ. ಅವನು ಸುಮಾರು ಹೊತ್ತು ಪೆನ್ಸಿಲ್ ಕಚ್ಚುತ್ತ ಕೂತು ಬರೆದದ್ದು: ‘ಒದ್ದೆಯಾದಾಗ ಮಾತ್ರ ಬಿಳಿ ಗೆರೆ ಕಾಣುವ ಕಲ್ಲು.’

ಕಲ್ಲಾದ ಮೇಲೆ ಎಲೆ, ಆಮೇಲೆ ತಮ್ಮದೇ ಪೆನ್ಸಿಲ್ ಡಬ್ಬಿ. ಆದರೆ ಈ ಹುಡುಕುವ ಆಟವನ್ನು ಸಹಪಾಠಿಗಳ ಮೇಲೆ ಆಡಿಸಬೇಡಿ. ದಪ್ಪ, ಕುಳ್ಳ, ಕಪ್ಪು ಎಂಬವು ಮರುದಿನವೇ ಅಡ್ಡಹೆಸರುಗಳಾಗಿ ಆಟದ ಬಯಲಿಗೆ ಹೋಗುತ್ತವೆ. ಮನುಷ್ಯರ ವರ್ಣನೆ ಬೇಕೆಂದರೆ ಮನೆಯ ಹಿರಿಯರೊಬ್ಬರನ್ನು ಆರಿಸಿಕೊಳ್ಳಲು ಹೇಳಿ, ಮೈಬಣ್ಣ, ಗಾತ್ರ ಬಿಟ್ಟು ಅವರ ದನಿ, ನಡಿಗೆ, ಕೈ ಈ ಮೂರರ ಬಗ್ಗೆ ಮಾತ್ರ ಬರೆಸುತ್ತೇನೆ. ಒಂದೊಂದಕ್ಕೂ ಒಂದೇ ವಿಶೇಷಣ.