ನಾಲ್ಕನೆಯ ತರಗತಿಯ ಕವಲು: ಜರ್ಮನಿಯಲ್ಲಿ ಮಕ್ಕಳನ್ನು ಓದಿಸುವ ಗಡಿನಾಡಿನವರಿಗೆ

ಆಟಿಯ ಕೊನೆಯ ವಾರ. ಮಳೆ ತುಸು ಬಿಟ್ಟಿತ್ತು, ಅಪ್ಪ ಅಡಿಕೆಗೆ ಎರಡನೆಯ ಮದ್ದು ಬಿಡಿಸುವ ಗಡಿಬಿಡಿಯಲ್ಲಿದ್ದರು. ಕಾಸರಗೋಡಿನ ಪೆರ್ಲದ ನಮ್ಮ ಮನೆಯ ಜಗಲಿಗೆ ನೆರೆಮನೆಯ ಮಗಳು ತನ್ನ ಒಂಬತ್ತು ವರ್ಷದ ಹುಡುಗನನ್ನು ಕರೆದುಕೊಂಡು ಬಂದಳು. ಅವಳು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ನರ್ಸ್. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯೊಂದಿಗೆ ಮಾಡಿಕೊಂಡ ಟ್ರಿಪಲ್ ವಿನ್ ಒಪ್ಪಂದದ ಮೂಲಕ ಹೋದವಳು. ಗಂಡ ಮತ್ತು ಮಗ ಆಮೇಲೆ ಹೋಗಿ ಸೇರಿಕೊಂಡರು. ಹುಡುಗ ಅಲ್ಲಿನ ಶಾಲೆಗೆ ಕಾಲಿಟ್ಟದ್ದು ಎರಡನೆಯ ತರಗತಿಗೆ. ನಾನು ಹದಿನೆಂಟು ವರ್ಷಗಳಿಂದ ಜರ್ಮನಿಯ ಇನ್ನೊಂದು ಮೂಲೆಯಲ್ಲಿ, ನಾರ್ಥ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲಿದ್ದೇನೆ. ರಜೆಗೆ ಊರಿಗೆ ಬಂದಾಗಲೆಲ್ಲ ಮಕ್ಕಳ ಶಾಲೆಯ ಇಂಥ ಫೈಲುಗಳು ನನ್ನ ಜಗಲಿಗೆ ಬರುತ್ತವೆ.

"ಅಕ್ಕ, ಇವನ ಬಗ್ಗೆ ಒಳ್ಳೆಯದೇ ಬರೆದಿದ್ದಾರಲ್ಲ?" ಎಂದು ಮೂರನೆಯ ತರಗತಿಯ ವರದಿಯನ್ನು ಮುಂದಿಟ್ಟಳು. ಹುಡುಗ ಶಾಂತ, ಹೇಳಿದ ಮಾತು ಕೇಳುತ್ತಾನೆ, ಪುಸ್ತಕಗಳನ್ನು ಓರಣವಾಗಿ ಇಟ್ಟುಕೊಳ್ಳುತ್ತಾನೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ತರಗತಿಯ ಮಾತುಕತೆಯಲ್ಲಿ ಹೆಸರು ಹಿಡಿದು ಕರೆದಾಗ ಮಾತ್ರ ಸೇರಿಕೊಳ್ಳುತ್ತಾನೆ.

ಅವಳು ಅದನ್ನೂ ಹೊಗಳಿಕೆಯೆಂದೇ ಓದಿಕೊಂಡಿದ್ದಳು. ಅದು ಅವಳ ತಪ್ಪಲ್ಲ. ನಾವು ಕಲಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕೈಕಟ್ಟಿ ಕುಳಿತ ಮಗುವೇ ಒಳ್ಳೆಯ ಮಗು. ಮೇಷ್ಟ್ರು ಕೇಳದೆ ಬಾಯಿ ತೆರೆದರೆ ಅಧಿಕಪ್ರಸಂಗಿ. ಜರ್ಮನಿಯಲ್ಲಿ ಆ ಸಾಲು ಒಂದು ದೂರು. ಅಲ್ಲಿ ಬರವಣಿಗೆಯ ಪರೀಕ್ಷೆಯ ಜೊತೆಗೆ ತರಗತಿಯಲ್ಲಿ ಮಾತನಾಡಿದ್ದಕ್ಕೂ ಅಂಕವಿದೆ. ಕೈ ಎತ್ತಬೇಕು, ಕೇಳಬೇಕು, ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಹೇಳಬೇಕು. ಸುಮ್ಮನಿರುವ ಮಗುವನ್ನು ಕಂಡರೆ ಇದಕ್ಕೆ ವಿಷಯ ತಿಳಿದಿಲ್ಲ ಎಂದೇ ಅಲ್ಲಿನ ಶಿಕ್ಷಕರು ತಿಳಿಯುತ್ತಾರೆ. ಅಂಕದ ಲೆಕ್ಕವೂ ನಮ್ಮದಕ್ಕೆ ತಿರುಗುಮುರುಗು: 1 ಎಂದರೆ ಅತ್ಯುತ್ತಮ, 6 ಎಂದರೆ ತೀರಾ ಕಳಪೆ.

ಒಂಬತ್ತು ವರ್ಷದ ಮಗುವಿನ ವರದಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂದು ಊರಿನವರು ಕೇಳುತ್ತಾರೆ. ಕೇರಳದಲ್ಲಿ ಹತ್ತನೆಯ ತರಗತಿಯವರೆಗೆ ಎಲ್ಲರೂ ಒಂದೇ ದಾರಿಯಲ್ಲಿ ನಡೆದು, ಎಸ್‌ಎಸ್‌ಎಲ್‌ಸಿ ಆದ ಮೇಲೆ ಪ್ಲಸ್ ಟು ಆಯ್ಕೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ದಾರಿ ಕವಲೊಡೆಯುವುದು ನಾಲ್ಕನೆಯ ತರಗತಿ ಮುಗಿದ ಕೂಡಲೇ, ಮಗುವಿಗೆ ಹತ್ತು ವರ್ಷವಾದಾಗ. ಬರ್ಲಿನ್ ಮತ್ತು ಬ್ರಾಂಡನ್‌ಬುರ್ಗ್‌ನಲ್ಲಿ ಮಾತ್ರ ಪ್ರಾಥಮಿಕ ಶಾಲೆ ಆರು ವರ್ಷ. ಒಂದು ಕವಲು ಗಿಮ್ನಾಜಿಯುಮ್. ಹನ್ನೆರಡನೆಯ ಅಥವಾ ಹದಿಮೂರನೆಯ ತರಗತಿಯ ಕೊನೆಯಲ್ಲಿ ಆಬಿಟೂರ್ ಪರೀಕ್ಷೆ, ಅಲ್ಲಿಂದ ನೇರ ವಿಶ್ವವಿದ್ಯಾಲಯ. ಇನ್ನೊಂದು ರೆಯಾಲ್‌ಶೂಲೆ, ಹತ್ತನೆಯವರೆಗೆ. ಮೂರನೆಯದು ಹಾಪ್ಟ್‌ಶೂಲೆ, ಬೇಗ ಕಸುಬಿನ ತರಬೇತಿಯ ಕಡೆಗೆ ಒಯ್ಯುವ ಶಾಲೆ; ಬವೇರಿಯಾದಲ್ಲಿ ಅದರ ಹೆಸರು ಮಿಟ್ಟೆಲ್‌ಶೂಲೆ. ಈ ಮೂರನ್ನೂ ಒಂದೇ ಸೂರಿನಡಿ ತರುವ ಗೆಜಾಮ್ಟ್‌ಶೂಲೆಗಳು ಕೆಲವು ರಾಜ್ಯಗಳಲ್ಲಿ ಹೆಚ್ಚು, ಕೆಲವು ಕಡೆ ಹುಡುಕಿದರೂ ಸಿಗುವುದಿಲ್ಲ.

ಶಿಕ್ಷಣ ಅಲ್ಲಿ ಹದಿನಾರು ರಾಜ್ಯಗಳ ಕೈಯಲ್ಲಿದೆ. ಆದ್ದರಿಂದ ಪಕ್ಕದ ರಾಜ್ಯದ ಗೆಳತಿ ಹೇಳಿದ್ದನ್ನು ನಂಬಿ ಕೂರಬಾರದು. ನಾನಿರುವ ರಾಜ್ಯದಲ್ಲಿ ಶಿಕ್ಷಕರು ಶಿಫಾರಸು ಬರೆದುಕೊಡುತ್ತಾರೆ, ಕೊನೆಯ ಮಾತು ತಂದೆತಾಯಿಯದು. ಬವೇರಿಯಾದಲ್ಲಿ ಹಾಗಲ್ಲ. ಜರ್ಮನ್, ಗಣಿತ ಮತ್ತು ಊರು-ಪರಿಸರ ಎಂಬ ಪಾಠ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಗಿಮ್ನಾಜಿಯುಮ್, 2.66ರವರೆಗೆ ರೆಯಾಲ್‌ಶೂಲೆ. ಮೇ ತಿಂಗಳ ಆರಂಭದಲ್ಲಿ ಆ ಪ್ರಮಾಣಪತ್ರ ಕೈಗೆ ಬರುತ್ತದೆ. ಅಂಕ ಸಾಲದಿದ್ದರೆ ಮೂರು ದಿನಗಳ ಪರೀಕ್ಷಾ ಪಾಠಕ್ಕೆ ಮಗುವನ್ನು ಕಳುಹಿಸಿ ಇನ್ನೊಮ್ಮೆ ಪ್ರಯತ್ನಿಸಬಹುದು.

ನೆರೆಮನೆಯವಳಿಗೆ ಈ ಅಂಕಿಗಳೆಲ್ಲ ಬಾಯಿಪಾಠ. ಅವಳಿಗೆ ಗೊತ್ತಿಲ್ಲದ್ದು ಅದೇ ನಿಯಮದ ಇನ್ನೊಂದು ಸಾಲು. ಮನೆಮಾತು ಜರ್ಮನ್ ಅಲ್ಲದ, ಒಂದನೆಯ ತರಗತಿಯಿಂದ ಜರ್ಮನ್ ಶಾಲೆಯಲ್ಲಿ ಓದದ ಮಗುವಿಗೆ, ಅಂಕ ಕಡಿಮೆಯಾದದ್ದು ಮುಂದೆ ಸರಿಹೋಗಬಹುದಾದ ಭಾಷೆಯ ಕೊರತೆಯಿಂದ ಎಂದು ಶಾಲೆ ಒಪ್ಪಿದರೆ, 3.33ರ ಸರಾಸರಿಯವರೆಗೂ ಅರ್ಹತೆ ಕೊಡಲು ಅವಕಾಶವಿದೆ. ಎರಡನೆಯ ತರಗತಿಗೆ ಬಂದು ಸೇರಿದ ಅವಳ ಮಗನಿಗೆಂದೇ ಬರೆದಂತಿರುವ ಸಾಲು ಅದು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಲ್ಲಿನ ಕಚೇರಿ, ಶಾಲೆ ಯಾವುದೂ ತಾನಾಗಿ ಬಂದು ಸೌಲಭ್ಯ ಹೇಳುವುದಿಲ್ಲ. ಕೇಳಿದರೆ ಮಾತ್ರ, ಕೇಳಿದಷ್ಟಕ್ಕೆ ಉತ್ತರ. ಕೇಳಲು ತಿಳಿದ ಮನೆ ಯಾವುದು, ತಿಳಿಯದ ಮನೆ ಯಾವುದು ಎಂಬಲ್ಲಿಂದಲೇ ಮಕ್ಕಳ ಭವಿಷ್ಯ ಕವಲೊಡೆಯುತ್ತದೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. 2000ದಲ್ಲಿ ನಡೆದ ಪೀಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಯ ಮೊದಲ ಸುತ್ತಿನ ಫಲಿತಾಂಶ 2001ರ ಡಿಸೆಂಬರಿನಲ್ಲಿ ಬಂದಾಗ ಜರ್ಮನಿ ತತ್ತರಿಸಿತು. ಹದಿನೈದು ವರ್ಷದ ಮಕ್ಕಳ ಓದಿನ ಸಾಮರ್ಥ್ಯಕ್ಕೂ ತಂದೆತಾಯಿಯ ಸಾಮಾಜಿಕ ಸ್ಥಾನಕ್ಕೂ ಇರುವ ನಂಟು, ಪರೀಕ್ಷೆಯಲ್ಲಿ ಭಾಗವಹಿಸಿದ ದೇಶಗಳ ಪೈಕಿ ಅಲ್ಲೇ ಅತಿ ಬಿಗಿಯಾದವುಗಳಲ್ಲಿ ಒಂದಾಗಿತ್ತು. ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ಇಗ್ಲು ಅಧ್ಯಯನ ಇನ್ನೂ ನೋವಿನ ಸಂಗತಿಯನ್ನು ಹೊರಹಾಕಿತು. ಇಬ್ಬರು ಮಕ್ಕಳ ಬುದ್ಧಿಶಕ್ತಿ ಒಂದೇ, ಓದುವ ಸಾಮರ್ಥ್ಯ ಒಂದೇ; ಆದರೂ ಮೇಲ್ವರ್ಗದ ಉದ್ಯೋಗಸ್ಥರ ಮಗುವಿಗೆ ಗಿಮ್ನಾಜಿಯುಮ್ ಶಿಫಾರಸು ಸಿಗುವ ಸಾಧ್ಯತೆ ಕಾರ್ಮಿಕರ ಮಗುವಿಗಿಂತ ಎರಡು ಪಟ್ಟಿಗೂ ಹೆಚ್ಚು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ರೇಮೊಂ ಬುದೊಂ 1974ರಲ್ಲೇ ಇದನ್ನು ಎರಡಾಗಿ ಬಿಡಿಸಿ ತೋರಿಸಿದ್ದರು. ಮೊದಲನೆಯದು ಮಗುವಿನ ಕಲಿಕೆಯ ಮೇಲೆ ಮನೆಯ ಪರಿಣಾಮ: ಪುಸ್ತಕ, ಭಾಷೆ, ಪಾಠಕ್ಕೆ ಸಹಾಯ. ಎರಡನೆಯದು ಕವಲಿನಲ್ಲಿ ನಿಂತಾಗ ಮನೆಯವರು ಮಾಡುವ ಆಯ್ಕೆ. ಅಂಕ ಒಂದೇ ಇದ್ದರೂ ಬಡ ಮನೆಯವರು ಅಪಾಯ ಬೇಡವೆಂದು ಗಿಡ್ಡ ದಾರಿಯನ್ನು ಹಿಡಿಯುತ್ತಾರೆ, ಅನುಕೂಲಸ್ಥರು ಟ್ಯೂಷನ್ ಹಾಕಿಸಿಯಾದರೂ ಎತ್ತರದ ದಾರಿಗೆ ತಳ್ಳುತ್ತಾರೆ. ಜರ್ಮನಿಯ ವಲಸೆ ಕುಟುಂಬಗಳನ್ನು ಅಧ್ಯಯನ ಮಾಡಿದವರು ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ. ಅಂಕ ಮತ್ತು ಸಾಮಾಜಿಕ ಸ್ಥಾನ ಸಮಾನವಾಗಿದ್ದಾಗ ವಲಸಿಗರು ಜರ್ಮನರಿಗಿಂತ ಹೆಚ್ಚು ಹುಮ್ಮಸ್ಸಿನಿಂದ ಎತ್ತರದ ಶಾಲೆಯನ್ನೇ ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಆಸೆಗೆ ಬರವಿಲ್ಲ. ಬರ ಇರುವುದು ಭಾಷೆಗೆ ಮತ್ತು ಮಾಹಿತಿಗೆ.

ಭಾಷೆಯ ವಿಷಯದಲ್ಲಿ ಕಾಸರಗೋಡಿನವರಾದ ನಮಗೆ ಬೇರೆಯವರಿಗಿಲ್ಲದ ಅನುಭವವಿದೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ ಅಥವಾ ಬ್ಯಾರಿ; ಶಾಲೆಯಲ್ಲಿ ಕನ್ನಡ; ಕಚೇರಿಯಲ್ಲಿ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಜನ ಇದ್ದಲ್ಲೇ ಇದ್ದರು, ಕಚೇರಿಯ ಭಾಷೆ ಬದಲಾಯಿತು. ಅದೇ ವರ್ಷದ ಸಂವಿಧಾನ ತಿದ್ದುಪಡಿಯಲ್ಲಿ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ನಾವು ಕನ್ನಡದಲ್ಲಿ ಕಲಿತದ್ದು ಅದರ ಬಲದಿಂದ. ಜರ್ಮನಿಯಲ್ಲಿ ಅಂಥ ವಿಧಿ ನಮ್ಮ ಬೆನ್ನಿಗಿಲ್ಲ. ಅಲ್ಲಿ ಕನ್ನಡಕ್ಕೆ ಮನೆಯೇ ಶಾಲೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಅಜ್ಜನಿಗೆ ಜಾಗದ ತೀರ್ವೆಯ ಬಗ್ಗೆ ಮಲಯಾಳದಲ್ಲಿ ಒಂದು ನೋಟಿಸು ಬಂತು. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರುಗಳಿಂದ ಅಕ್ಷರ ಕಲಿತಿದ್ದ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದರು. ಒಂದಿಡೀ ತೋಟವನ್ನು ಕೈಯಾರೆ ಎಬ್ಬಿಸಿದ ಮನುಷ್ಯ ಕೌಂಟರಿನ ಮುಂದೆ ನಿಂತು ನನ್ನ ಮುಖ ನೋಡುತ್ತಿದ್ದರು, ನಾನೇನು ಹೇಳುತ್ತೇನೋ ಎಂದು. ಒಂದು ಪದ ನನಗೆ ತಿಳಿಯಲಿಲ್ಲ; ತಿಳಿದವಳಂತೆ ಏನೋ ಹೇಳಿದೆ. ಆ ಭಾರ ಇಂದಿಗೂ ಎದೆಯಲ್ಲಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ಟೆಸ್ ಮತ್ತು ರೂಬೆನ್ ರುಂಬೌಟ್ 1992ರಿಂದ ಮಯಾಮಿ, ಫೋರ್ಟ್ ಲಾಡರ್‌ಡೇಲ್ ಮತ್ತು ಸ್ಯಾನ್ ಡಿಯಾಗೋ ಕಡೆಯ ಐದು ಸಾವಿರಕ್ಕೂ ಹೆಚ್ಚು ವಲಸೆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮಗು ಹೊಸ ಭಾಷೆಯನ್ನು ಬೇಗ ಕಲಿತು, ತಂದೆತಾಯಿ ಹಿಂದುಳಿದು, ಮನೆಯ ಭಾಷೆಯೂ ಕೈಬಿಟ್ಟುಹೋದರೆ ಪಾತ್ರಗಳು ಅದಲುಬದಲಾಗುತ್ತವೆ. ಮಗು ಯಜಮಾನನಾಗುತ್ತದೆ, ಹಿರಿಯರ ಮಾತಿಗೆ ತೂಕ ಉಳಿಯುವುದಿಲ್ಲ. ಹೊಸ ಭಾಷೆ ಚೆನ್ನಾಗಿ ಬಂದು ಮನೆಯ ಭಾಷೆಯೂ ಉಳಿದ ಮಕ್ಕಳು ಓದಿನಲ್ಲೂ ಮನಸ್ಸಿನಲ್ಲೂ ಹೆಚ್ಚು ಗಟ್ಟಿ ಎಂಬುದು ಅವರು ಕಂಡದ್ದು. ಜರ್ಮನಿಯ ಸಮಾಜಶಾಸ್ತ್ರಜ್ಞ ಹಾರ್ಟ್‌ಮುಟ್ ಎಸ್ಸರ್ ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆ ದೇಶದ ಭಾಷೆ ಮತ್ತು ಅಲ್ಲಿನ ಶಾಲೆ-ಉದ್ಯೋಗದಲ್ಲಿ ಸಿಗುವ ಸ್ಥಾನವೇ ಎಲ್ಲಕ್ಕೂ ಕೀಲಿ, ಮನೆಮಾತಿನಿಂದ ಉದ್ಯೋಗದಲ್ಲಿ ಹೆಚ್ಚಿನ ಲಾಭವಿಲ್ಲ ಎಂಬುದು ಅವರ ವಾದ. ಸಂಬಳದ ಲೆಕ್ಕದಲ್ಲಿ ಅವರು ಹೇಳುವುದು ನಿಜವಿರಬಹುದು. ಆದರೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತನಾಡಲು ಬಾರದ ಮೊಮ್ಮಗುವನ್ನು ನೋಡಿದವರು ಸಂಬಳದ ಲೆಕ್ಕವೊಂದನ್ನೇ ಹಿಡಿದು ಕೂರಲಾರರು.

ಆದ್ದರಿಂದ ನನ್ನ ಸಲಹೆ ಎರಡೂ ಕಡೆಯದು. ಸಣ್ಣ ಮಗುವಿದ್ದರೆ ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರದಲ್ಲಿ, ಅಲ್ಲಿನವರು ಕಿಟಾ ಎನ್ನುತ್ತಾರೆ, ಜಾಗ ಪಡೆಯುವ ಕಾನೂನುಬದ್ಧ ಹಕ್ಕು 2013ರ ಆಗಸ್ಟ್‌ನಿಂದ ಇದೆ. ಹಕ್ಕಿದ್ದರೂ ಜಾಗ ಸುಲಭಕ್ಕೆ ಸಿಗುವುದಿಲ್ಲ. ಮಗು ಹುಟ್ಟಿದ ಕೂಡಲೇ ಹೆಸರು ಬರೆಸಿ. ಅಜ್ಜಿಯನ್ನು ಊರಿನಿಂದ ಕರೆಸಿ ಮೂರು ವರ್ಷ ಮನೆಯಲ್ಲೇ ಇಟ್ಟುಕೊಳ್ಳುವವರನ್ನು ನಾನು ಕಂಡಿದ್ದೇನೆ. ಅಜ್ಜಿ ಬರಲಿ, ಮಗು ಕಿಟಾಕ್ಕೂ ಹೋಗಲಿ. ಜರ್ಮನ್ ಅನ್ನು ಜರ್ಮನ್ ಮಕ್ಕಳ ಬಾಯಿಂದ ಕಲಿಯಲಿ. ನಿಮ್ಮ ಅರೆಬರೆ ಜರ್ಮನ್ ಅನ್ನು ಮನೆಯಲ್ಲಿ ಮಗುವಿನ ಮೇಲೆ ಹೇರಬೇಡಿ. ಮನೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ತುಂಬು ಮಾತನಾಡಿ: ಕಥೆ, ಜಗಳ, ಲೆಕ್ಕ, ಅಡುಗೆ ಎಲ್ಲವನ್ನೂ. ನೀವು ಮಾತ್ರ ಜರ್ಮನ್ ಕಲಿಯುವುದನ್ನು ನಿಲ್ಲಿಸಬೇಡಿ. ಸರ್ಕಾರದ ಇಂಟಿಗ್ರೇಷನ್ ಕೋರ್ಸು ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ದೇಶದ ಕಾನೂನು-ಚರಿತ್ರೆ. ನರ್ಸ್ ಹೆಂಡತಿಗೆ ಬಿ2 ಮಟ್ಟದ ಜರ್ಮನ್ ಬರುತ್ತದೆ, ಗಂಡನಿಗೆ ಏನೂ ಬಾರದು ಎಂಬ ಮನೆಗಳಲ್ಲಿ ಗಂಡ ಮೊದಲು ಈ ಕೋರ್ಸಿನ ವಿಚಾರಣೆ ಮಾಡಬೇಕು. ಶಿಕ್ಷಕರ ಭೇಟಿಗೆ ಮಗುವನ್ನು ದುಭಾಷಿಯಾಗಿ ಒಯ್ಯಲೇಬೇಡಿ.

ಆ ಭೇಟಿಯ ಬಗ್ಗೆ ನನಗೆ ತಿಳಿಸಿದ್ದು ನಮ್ಮ ಕಟ್ಟಡದ ಟರ್ಕಿ ಮೂಲದ ಒಬ್ಬ ತಾಯಿ. ಎಲ್ಟರ್ನ್‌ಆಬೆಂಡ್ ಎಂಬ ಸಂಜೆಯ ಸಭೆ ಎಲ್ಲ ಪೋಷಕರಿಗೆ. ಎಲ್ಟರ್ನ್‌ಶ್ಪ್ರೆಖ್‌ಟಾಗ್ ಎಂಬ ದಿನ ಪ್ರತಿ ಮನೆಗೆ ಕೆಲವೇ ನಿಮಿಷ. "ಆ ನಿಮಿಷಗಳಲ್ಲಿ ಅವರು ಹೇಳಿದ್ದನ್ನು ಕೇಳಿ ತಲೆಯಾಡಿಸಿ ಬರಬೇಡ, ನಿನ್ನ ಪ್ರಶ್ನೆಗಳನ್ನು ಬರೆದುಕೊಂಡು ಹೋಗು" ಎಂದಳು. ಅವಳ ತಂದೆ ಕಾರ್ಖಾನೆ ಕೆಲಸಕ್ಕೆ ಬಂದವರು. 1961ರಲ್ಲಿ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತ್ತು. ದುಡಿದು ಹಿಂದಿರುಗುವ ಅತಿಥಿಗಳೆಂದೇ ಬಗೆದದ್ದರಿಂದ ಅವರಿಗೆ ಭಾಷೆ ಕಲಿಸುವ ಗೋಜಿಗೆ ಹೆಚ್ಚು ಯಾರೂ ಹೋಗಲಿಲ್ಲ. ವಲಸೆ ಮಕ್ಕಳು ಓದಿನಲ್ಲಿ ಹಿಂದೆ ಎಂಬ ಅಂಕಿಅಂಶಗಳ ಹಿಂದೆ ಆ ಚರಿತ್ರೆಯಿದೆ. ಅದನ್ನು ತಿಳಿಯದೆ, "ನಾವು ಅವರಂತಲ್ಲ, ಬ್ಲೂ ಕಾರ್ಡಿನವರು" ಎಂದು, ಪದವೀಧರ ಉದ್ಯೋಗಿಗಳಿಗೆ ಕೊಡುವ ಆ ಪರವಾನಗಿಯನ್ನು ತೋರಿಸಿ, ನಮ್ಮವರು ಬೀಗುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಹೆಸರು ನೋಡಿ ಅರ್ಜಿ ಬದಿಗಿಡುವವರು ಬ್ಲೂ ಕಾರ್ಡ್ ಕೇಳುವುದಿಲ್ಲ. ಕಾಸ್ ಮತ್ತು ಮಾಂಗರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ವಿದ್ಯಾರ್ಥಿಗಳ ಇಂಟರ್ನ್‌ಷಿಪ್‌ಗೆ ಜರ್ಮನ್ ಮತ್ತು ಟರ್ಕಿಷ್ ಹೆಸರುಗಳಲ್ಲಿ ಒಂದೇ ಬಗೆಯ ಅರ್ಜಿ ಕಳುಹಿಸಿ ನೋಡಿದರು. ಜರ್ಮನ್ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು 14 ಶೇಕಡಾ ಹೆಚ್ಚಿತ್ತು. ಹಿಂದಿನ ಮೇಲಧಿಕಾರಿಯ ಶಿಫಾರಸು ಪತ್ರ ಲಗತ್ತಿಸಿದ್ದ ಅರ್ಜಿಗಳಲ್ಲಿ ಆ ಅಂತರ ಮಾಯವಾಯಿತು. ಆದ್ದರಿಂದ ಹದಿಹರೆಯದ ಮಗ ಎರಡು ವಾರ ಎಲ್ಲೋ ತರಬೇತಿಗೆ ಹೋಗಿದ್ದರೂ ಪ್ರಮಾಣಪತ್ರ ಬರೆಸಿಕೊಂಡೇ ಬರಲಿ. ತಾರತಮ್ಯದ ವಿರುದ್ಧ 2006ರಿಂದ ಕಾನೂನಿದೆ. ಪರಿಹಾರ ಕೇಳುವುದಿದ್ದರೆ ಸಾಮಾನ್ಯವಾಗಿ ಎರಡೇ ತಿಂಗಳ ಗಡುವು.

ಗಿಮ್ನಾಜಿಯುಮ್ ತಪ್ಪಿದರೆ ಮನೆಯ ಮಾನ ಹೋಯಿತು ಎಂದು ಅಳುವವರಿಗೂ ಒಂದು ಮಾತು. ರೆಯಾಲ್‌ಶೂಲೆ ಮುಗಿಸಿದವರಿಗೆ ಆಸ್‌ಬಿಲ್ಡುಂಗ್ ಇದೆ: ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಸಂಬಳದೊಂದಿಗೆ ಕೆಲಸ, ಉಳಿದ ದಿನ ವೃತ್ತಿ ಶಾಲೆ, ಎರಡರಿಂದ ಮೂರೂವರೆ ವರ್ಷ. ಅದಕ್ಕೆ ಅಲ್ಲಿ ಗೌರವವಿದೆ. ಬವೇರಿಯಾದಲ್ಲಿ ಹತ್ತನೆಯ ಬಳಿಕ ಫಾಖ್‌ಓಬರ್‌ಶೂಲೆಯ ಮೂಲಕ ಕಾಲೇಜಿಗೆ ಹತ್ತುವ ದಾರಿಯೂ ಇದೆ. ದಾರಿ ಉದ್ದ, ಆದರೆ ತೆರೆದಿದೆ.

ಜಗಲಿಯಲ್ಲಿ ನಾವು ಫೈಲು ಮುಚ್ಚುವಾಗ ಹುಡುಗ ಅಂಗಳಕ್ಕೆ ಇಳಿದು, ಮೈಲುತುತ್ತು ಕದಡುತ್ತಿದ್ದ ನಮ್ಮ ಅಪ್ಪನನ್ನು ಕೇಳುತ್ತಿದ್ದ: "ಅಜ್ಜಾ, ಇದಕ್ಕೆ ಸುಣ್ಣ ಯಾಕೆ ಹಾಕುವುದು? ಹಾಕದಿದ್ದರೆ ಏನಾಗುತ್ತದೆ?" ಅಪ್ಪ ಕೋಲು ನಿಲ್ಲಿಸಿ, ಸುಣ್ಣ ಕಡಿಮೆಯಾದರೆ ಎಳೆ ಕಾಯಿ ಸುಡುತ್ತದೆ ಎಂದು ತೋರಿಸಿ ಹೇಳುತ್ತಿದ್ದರು. ಶಾಲೆಯಲ್ಲೂ ಹೀಗೇ ಕೇಳಬೇಕು, ಕೇಳಿದರೆ ಯಾರೂ ಬೈಯುವುದಿಲ್ಲ ಎಂದು ಅವನಿಗೆ ಹೇಳಿಕೊಡುವಂತೆ ಅವಳಿಗೆ ಹೇಳಿದೆ.

ಇನ್ನೊಂದು ವಿಷಯ ಉಳಿದಿತ್ತು. ಹಿಂದಿರುಗುವ ಟಿಕೆಟನ್ನು ಅವಳು ಶಾಲೆ ತೆರೆದು ನಾಲ್ಕು ದಿನ ಕಳೆದ ಮೇಲಿನ ತಾರೀಕಿಗೆ ಮಾಡಿಸಿದ್ದಳು, ದರ ಕಡಿಮೆಯಿದೆಯೆಂದು. ಅಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ. ಅನುಮತಿಯಿಲ್ಲದೆ ರಜೆಯನ್ನು ಎಳೆದರೆ ದಂಡ ಬೀಳಬಹುದು. ಅವಳು ಅಲ್ಲೇ ಕುಳಿತು ಗಂಡನಿಗೆ ಫೋನ್ ಮಾಡಿ ತಾರೀಕು ಹಿಂದಕ್ಕೆ ತರಿಸಿದಳು. ಆಮೇಲೆ ವರದಿಯ ಲಕೋಟೆಯ ಹಿಂಬದಿಯಲ್ಲಿ ಸೆಪ್ಟೆಂಬರಿನ ಸಭೆಗೆ ಮೊದಲ ಪ್ರಶ್ನೆಯನ್ನು ಬರೆದುಕೊಂಡಳು, ಕನ್ನಡದಲ್ಲಿ: 3.33ರ ನಿಯಮ ನನ್ನ ಮಗನಿಗೆ ಅನ್ವಯವಾಗುತ್ತದೆಯೇ?